ಅಳೆದು ಕೊಡುವ ಬೆಳಕು

ಚರ್ಮದ ಕೆಲವು ಕಾಯಿಲೆಗಳನ್ನು ಅತಿನೇರಳೆ ಕಿರಣಗಳಿಂದ ಹತೋಟಿಗೆ ತರುವ ಕ್ರಮಕ್ಕೆ ಫೋಟೊಥೆರಪಿ ಎಂದು ಹೆಸರು. ಬೊರಿವಲಿಯ ಚರ್ಮರೋಗ ಚಿಕಿತ್ಸಾಲಯಗಳಿಗೆ ಹೋಗಿಬರುವವರು ಇದನ್ನು 'ಲೈಟ್ ತೆಗೆದುಕೊಳ್ಳುವುದು' ಎನ್ನುತ್ತಾರೆ. ಒಂದೊಂದು ಸರದಿ ಒಂದೊಂದು 'ಸಿಟಿಂಗ್'. ಮೈತುಂಬ ಕಾಯಿಲೆ ಇರುವವರಿಗೆ ಆಳೆತ್ತರದ ಪೆಟ್ಟಿಗೆಯೊಂದಿದೆ. ಅದರ ಒಳಗೋಡೆಗಳಿಗೆ ಉದ್ದುದ್ದ ಟ್ಯೂಬ್‌ಲೈಟುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ರೋಗಿ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ನಿಂತರೆ, ಬಾಗಿಲು ಮುಚ್ಚುತ್ತದೆ, ನೀಲಿ ಛಾಯೆಯ ಬೆಳಕು ಹೊತ್ತುತ್ತದೆ, ಒಂದೆರಡು ನಿಮಿಷಗಳಲ್ಲಿ ತಾನಾಗಿ ಆರುತ್ತದೆ. ನೋವಿಲ್ಲ, ಸೂಜಿಯಿಲ್ಲ, ರಕ್ತವಿಲ್ಲ. ತೊನ್ನು, ಸೋರಿಯಾಸಿಸ್, ಯಾವ ಮುಲಾಮಿಗೂ ಬಗ್ಗದ ಇಸಬು, ಇನ್ನೂ ಹತ್ತಾರು ಕಾಯಿಲೆಗಳಿಗೆ ಈ ಚಿಕಿತ್ಸೆ ನಡೆಯುತ್ತದೆ.

ಇದು ನೋಡಲು ಸರಳ. ಆದರೆ ಪೆಟ್ಟಿಗೆಯಲ್ಲಿ ಹೊತ್ತುವುದು ಬರಿಯ ದೀಪವಲ್ಲ, ಔಷಧ. ಮಾತ್ರೆಗೆ ಮಿಲಿಗ್ರಾಂ ಇದ್ದಂತೆ ಇದಕ್ಕೂ ಅಳತೆಯಿದೆ. ಕಡಿಮೆಯಾದರೆ ಗುಣವಿಲ್ಲ, ಹೆಚ್ಚಾದರೆ ಸುಡುತ್ತದೆ. ಬಿಸಿಲನ್ನೇ ಕಾಯಿಸಿಕೊಂಡರೆ ಸಾಲದೇ ಎಂಬ ಪ್ರಶ್ನೆಗೂ ಇಲ್ಲೇ ಉತ್ತರವಿದೆ.

ಬಿಳಿ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದಾಗ ಬರುವ ಏಳು ಬಣ್ಣಗಳ ಪಟ್ಟಿಯಲ್ಲಿ ನೇರಳೆಯೇ ಕೊನೆಯದು. ಆ ಕೊನೆಯ ಆಚೆಗೂ ಏನೋ ಇದೆ ಎಂಬುದನ್ನು 1801ರಲ್ಲಿ ಜರ್ಮನಿಯ ಯೋಹಾನ್ ವಿಲ್‌ಹೆಲ್ಮ್ ರಿಟರ್ ತೋರಿಸಿಕೊಟ್ಟ. ಬೆಳಕು ಬಿದ್ದರೆ ಕಪ್ಪಾಗುವ ಬೆಳ್ಳಿಯ ಲವಣವೊಂದು ಕಣ್ಣಿಗೆ ಕತ್ತಲಾಗಿ ಕಂಡ ಜಾಗದಲ್ಲೇ ಹೆಚ್ಚು ಬೇಗ ಕಪ್ಪಾಯಿತು. ಈ ಕಾಣದ ಕಿರಣಗಳನ್ನು ಇಂದು ಅಲೆಯ ಉದ್ದಕ್ಕೆ ತಕ್ಕಂತೆ ಮೂರು ಪಾಲು ಮಾಡಿದ್ದಾರೆ. 320ರಿಂದ 400 ನ್ಯಾನೊಮೀಟರ್‌ವರೆಗಿನದು ಯುವಿ-ಎ, 280ರಿಂದ 320ರವರೆಗಿನದು ಯುವಿ-ಬಿ, ಅದಕ್ಕಿಂತ ಗಿಡ್ಡ ಅಲೆಗಳು ಯುವಿ-ಸಿ. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಯುವಿ-ಸಿಯನ್ನು ಓಜೋನ್ ಪದರ ಮೇಲೆಯೇ ತಡೆದುಬಿಡುತ್ತದೆ. ನೆಲ ಮುಟ್ಟುವ ಅತಿನೇರಳೆಯಲ್ಲಿ ಶೇ. 95ರಷ್ಟು ಯುವಿ-ಎ; ಯುವಿ-ಬಿಯ ಪಾಲು ಬಹಳ ಸಣ್ಣದು. ಚಿಕಿತ್ಸೆಗೆ ಬೇಕಾದುದು ಹೆಚ್ಚಾಗಿ ಆ ಸಣ್ಣ ಪಾಲೇ. ಕೊರೋನಾ ಕಾಲದಲ್ಲಿ ಹಲವು ಮನೆಗಳಿಗೆ ಬಂದ, ಮೊಬೈಲು-ನೋಟುಗಳ ಕ್ರಿಮಿ ಕೊಲ್ಲುವ ಪೆಟ್ಟಿಗೆಗಳಲ್ಲಿ ಇರುವುದು ಯುವಿ-ಸಿ. ಅದನ್ನು ಮೈಗೆ ಹಿಡಿಯುವಂತೆಯೇ ಇಲ್ಲ. ಕಾಮಾಲೆಯಾದ ಹಸುಗೂಸುಗಳನ್ನು ಆಸ್ಪತ್ರೆಯಲ್ಲಿ ಮಲಗಿಸುವ ದೀಪವೂ ಬೇರೆಯೇ. ಅದು ಕಣ್ಣಿಗೆ ಕಾಣುವ ನೀಲಿ ಬೆಳಕು, ಅತಿನೇರಳೆ ಅಲ್ಲ.

ಬೊರಿವಲಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ವರ್ಷಕ್ಕೆ ಎರಡು ಬಾರಿ, ಮೇ ಮಧ್ಯದಲ್ಲೊಮ್ಮೆ, ಜುಲೈ ಕೊನೆಯ ವಾರದಲ್ಲೊಮ್ಮೆ, ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಹಾಯುತ್ತಾನೆ. ಬಿಸಿಲಿಗೆ ಬರವಿಲ್ಲದ ಊರು. ಆದರೂ ಆ ಬಿಸಿಲನ್ನು ಮದ್ದಾಗಿ ಬಳಸಲು ಹೊರಟರೆ ತೊಡಕುಗಳು ಒಂದರ ಹಿಂದೊಂದು ಬರುತ್ತವೆ. ಯುವಿ-ಬಿ ಗಳಿಗೆಗೊಂದು ಬಗೆ: ಬೆಳಿಗ್ಗೆ ಎಂಟಕ್ಕೆ ಇದ್ದುದಕ್ಕೂ ಮಧ್ಯಾಹ್ನ ಹನ್ನೆರಡಕ್ಕೆ ಇರುವುದಕ್ಕೂ ಹೋಲಿಕೆಯಿಲ್ಲ. ಜುಲೈ ಕೊನೆಯಲ್ಲಿ ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಮಳೆ ಮೋಡ ಕವಿದು ವಾರಗಟ್ಟಲೆ ಅವನ ಮುಖವೇ ಕಾಣುವುದಿಲ್ಲ. ಫ್ಲ್ಯಾಟಿನ ಕಿಟಕಿಯಲ್ಲಿ ಕೂತರೂ ಪ್ರಯೋಜನವಿಲ್ಲ; ಸಾಧಾರಣ ಗಾಜು ಯುವಿ-ಎಯನ್ನು ಒಳಗೆ ಬಿಡುತ್ತದೆ, ಯುವಿ-ಬಿಯನ್ನು ತಡೆಯುತ್ತದೆ. ಇನ್ನು ಬೆನ್ನಿಗೂ ತೊಡೆಗೂ ಬಿಸಿಲು ಕಾಯಿಸಿಕೊಳ್ಳುವಷ್ಟು ಮರೆ, ಅದೂ ಹೆಂಗಸರಿಗೆ, ಉಪನಗರದ ಯಾವ ಸೊಸೈಟಿಯ ತಾರಸಿಯಲ್ಲಿದೆ?

ಆದರೂ ಈ ಚಿಕಿತ್ಸೆಯ ಬೇರು ಬಿಸಿಲಿನಲ್ಲೇ ಇದೆ, ಮತ್ತು ಆ ಬೇರಿನ ಒಂದು ಕವಲು ನಮ್ಮ ನೆಲದ್ದು. ಅಥರ್ವವೇದದ ಮೊದಲ ಕಾಂಡದಲ್ಲಿ 'ಕಿಲಾಸ' ಎಂಬ ಬಿಳಿ ಮಚ್ಚೆಯ ರೋಗಕ್ಕೆ ಗಿಡಮೂಲಿಕೆಯನ್ನು ಪ್ರಾರ್ಥಿಸುವ ಸೂಕ್ತಗಳಿವೆ. ಆಯುರ್ವೇದ ಈ ಬಿಳಿ ಮಚ್ಚೆಗೆ, ಅಂದರೆ 'ಶ್ವಿತ್ರ'ಕ್ಕೆ, ಹೇಳಿದ ಮದ್ದುಗಳಲ್ಲಿ ಮುಖ್ಯವಾದುದು ಬಾಕುಚಿ. ಕನ್ನಡದ ಬಾವಂಚಿ, ಮುಂಬಯಿಯ ಗ್ರಂಧಿಗೆ ಅಂಗಡಿಗಳ ಬಾವ್ಚಿ ಇದೇ. ಇದರ ಕಪ್ಪು ಬೀಜವನ್ನು ಅರೆದು ಹಚ್ಚಿ ಬಿಸಿಲಿಗೆ ಒಡ್ಡುವುದು ಹಳೆಯ ಪದ್ಧತಿ. ನೈಲ್ ನದಿಯ ದಡದಲ್ಲಿ ಬೆಳೆಯುವ, ಕೊತ್ತಂಬರಿಯ ಕುಲಕ್ಕೆ ಸೇರಿದ ಅಮ್ಮಿ ಎಂಬ ಕಳೆಗಿಡದಿಂದ ಈಜಿಪ್ಟಿನವರೂ ಇದನ್ನೇ ಮಾಡುತ್ತಿದ್ದರು. ಎರಡೂ ಗಿಡಗಳಲ್ಲಿರುವುದು ಸೋರಲೆನ್ ಎಂಬ ರಾಸಾಯನಿಕ ವರ್ಗ. ಸೋರಲೆನ್ ಒಂದೇ ಇದ್ದರೆ ಚರ್ಮಕ್ಕೆ ಹೆಚ್ಚೇನೂ ಆಗುವುದಿಲ್ಲ. ಅದರ ಮೇಲೆ ಯುವಿ-ಎ ಬಿದ್ದರೆ ಜೀವಕೋಶದ ಡಿಎನ್‌ಎಗೆ ಅಂಟಿಕೊಂಡು ಕೋಶದ ನಡೆಯನ್ನೇ ಬದಲಿಸುತ್ತದೆ. ದೂರದೂರದ ಎರಡು ನಾಡುಗಳ ಜನ ರಸಾಯನಶಾಸ್ತ್ರದ ಗಂಧವಿಲ್ಲದೆ, ಗಿಡ ಮತ್ತು ಬಿಸಿಲು ಎರಡೂ ಕೂಡಬೇಕು ಎಂಬ ಒಂದೇ ನಿಜಕ್ಕೆ ತಲುಪಿದ್ದರು. ವೈದ್ಯದ ಇತಿಹಾಸದಲ್ಲಿ ಇದಕ್ಕಿಂತ ಚೆಂದದ ಸಂಗತಿಗಳು ಕಡಿಮೆ. ಆದರೆ ಇಂದು ಯಾರಾದರೂ ಬಾವಂಚಿ ಎಣ್ಣೆಯನ್ನು ತಾವೇ ಹಚ್ಚಿಕೊಂಡು ಮಧ್ಯಾಹ್ನದ ಬಿಸಿಲಿಗೆ ನಿಂತರೆ ನೀರುಗುಳ್ಳೆಗಳೇಳುವಷ್ಟು ಸುಟ್ಟುಕೊಳ್ಳುತ್ತಾರೆ. ಇಂಥ ಗಾಯಗಳು ಚರ್ಮವೈದ್ಯರಿಗೆ ಹೊಸತಲ್ಲ.

ಆಧುನಿಕ ಕಾಲದ ಕಥೆ ಡೆನ್ಮಾರ್ಕಿನಲ್ಲಿ ಶುರುವಾಗುತ್ತದೆ. ಮುಖವನ್ನೇ ಕಿತ್ತು ತಿನ್ನುತ್ತಿದ್ದ ಚರ್ಮದ ಕ್ಷಯವನ್ನು ನೀಲ್ಸ್ ಫಿನ್ಸೆನ್ ಇಂಗಾಲದ ಆರ್ಕ್ ದೀಪದ ಬೆಳಕಿನಿಂದ ವಾಸಿಮಾಡಿದ. 1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವನ ಸಂಸ್ಥೆ ತೆರೆಯಿತು. 1903ರಲ್ಲಿ ನೊಬೆಲ್ ಬಂತು. 1925ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಗೊಕರ್ಮನ್ ಸೋರಿಯಾಸಿಸ್‌ಗೆ ಕಲ್ಲಿದ್ದಲ ಟಾರು ಹಚ್ಚಿ ಅತಿನೇರಳೆ ದೀಪ ಹಿಡಿಯುವ ಕ್ರಮ ತಂದ. 1940ರ ದಶಕದಲ್ಲಿ ಕೈರೋದ ಎಲ್ ಮೊಫ್ತಿ, ಅಮ್ಮಿ ಗಿಡದಿಂದ ಬೇರ್ಪಡಿಸಿದ ಶುದ್ಧ ಸೋರಲೆನ್ನನ್ನು ತೊನ್ನಿನವರಿಗೆ ಕೊಟ್ಟು ನೋಡಿದರು. 1974ರಲ್ಲಿ ಹಾರ್ವರ್ಡ್‌ನ ಪ್ಯಾರಿಶ್, ಫಿಟ್ಸ್‌ಪ್ಯಾಟ್ರಿಕ್, ಟ್ಯಾನೆನ್‌ಬಾಮ್ ಮತ್ತು ಭಾರತ ಮೂಲದ ಮಧು ಪಾಠಕ್ ಸೇರಿ, ಸೋರಲೆನ್ ಮಾತ್ರೆ ನುಂಗಿಸಿ ಯುವಿ-ಎ ಪೆಟ್ಟಿಗೆಯಲ್ಲಿ ನಿಲ್ಲಿಸಿದರೆ ಸೋರಿಯಾಸಿಸ್ ಕರಗುತ್ತದೆ ಎಂದು ತೋರಿಸಿದರು. ಇದೇ 'ಪುವಾ'. ಭಾರತದಲ್ಲಿ ಯಂತ್ರಗಳು ದುಬಾರಿಯಾಗಿದ್ದ ಕಾಲದಲ್ಲಿ ವೈದ್ಯರು ಮಾತ್ರೆ ಕೊಟ್ಟು, ಇಂತಿಷ್ಟು ನಿಮಿಷ ಬಿಸಿಲಿಗೆ ನಿಲ್ಲಿರಿ ಎಂದು ಬರೆದುಕೊಡುತ್ತಿದ್ದರು. ಅದಕ್ಕೆ 'ಪುವಾಸೋಲ್' ಎಂದು ಹೆಸರು. ಹಳ್ಳಿಗಳಲ್ಲಿ ಅದು ಇನ್ನೂ ಬಳಕೆಯಲ್ಲಿದೆ. ಮುಂಬಯಿಯ ಮಟ್ಟಿಗೆ ಅದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಹಾಕುವ ಚಿಕಿತ್ಸೆ.

ಪುವಾಕ್ಕೆ ಶಕ್ತಿ ಇದ್ದಷ್ಟೇ ತೊಂದರೆಯೂ ಇತ್ತು. ಮಾತ್ರೆ ನುಂಗಿದರೆ ಹೊಟ್ಟೆ ತೊಳಸುತ್ತದೆ. ನುಂಗಿ ಸುಮಾರು ಎರಡು ಗಂಟೆಯ ಬಳಿಕ ಬೆಳಕಿಗೆ ನಿಲ್ಲಬೇಕು. ಔಷಧ ಕಣ್ಣಿನ ಮಸೂರದಲ್ಲೂ ಇರುವುದರಿಂದ ಆ ದಿನವೆಲ್ಲ ಕಪ್ಪು ಕನ್ನಡಕ ಬಿಡುವಂತಿಲ್ಲ. ಬಸುರಿಯರಿಗೆ ಸಲ್ಲದು, ಎಳೆಯ ಮಕ್ಕಳಿಗೂ ಸಲ್ಲದು. ಎಲ್ಲಕ್ಕಿಂತ ದೊಡ್ಡದು ಕ್ಯಾನ್ಸರಿನ ಮಾತು. ಅಮೆರಿಕದ 16 ಕೇಂದ್ರಗಳಲ್ಲಿ ಪುವಾ ಪಡೆದ 1,380 ಮಂದಿಯನ್ನು 1975ರಿಂದ ದಶಕಗಳ ಕಾಲ ಹಿಂಬಾಲಿಸಿದಾಗ, ನೂರಾರು ಸಿಟಿಂಗ್ ಪಡೆದ ಬಿಳಿ ಚರ್ಮದವರಲ್ಲಿ ಚರ್ಮದ ಕ್ಯಾನ್ಸರ್ ಸ್ಪಷ್ಟವಾಗಿ ಹೆಚ್ಚಾಗಿತ್ತು.

ಹಾಗಾದರೆ ಮಾತ್ರೆಯೇ ಇಲ್ಲದೆ, ಬರಿಯ ಕಿರಣದಿಂದ ಆಗದೇ? ಯುವಿ-ಬಿಯ ಯಾವ ಅಲೆ ಎಷ್ಟು ಗುಣ ಕೊಡುತ್ತದೆ, ಯಾವುದು ಬರಿದೇ ಸುಡುತ್ತದೆ ಎಂದು 1981ರಲ್ಲಿ ಪ್ಯಾರಿಶ್ ಮತ್ತು ಯೆನಿಕೆ ಒಂದೊಂದಾಗಿ ಪರೀಕ್ಷಿಸಿದರು. 290ರ ಕೆಳಗಿನ ಅಲೆಗಳು ಚರ್ಮವನ್ನು ಕೆಂಪಗೆ ಸುಟ್ಟವೇ ಹೊರತು ಸೋರಿಯಾಸಿಸ್‌ನ ಹಕ್ಕಳೆಯನ್ನು ಕದಲಿಸಲಿಲ್ಲ. ಗುಣವಿದ್ದುದು 300ರಿಂದ 313ರ ನಡುವೆ. ಈ ಅರಿವಿನ ಮೇಲೆ ಫಿಲಿಪ್ಸ್ ಕಂಪನಿ ಟಿಎಲ್-01 ಎಂಬ ಟ್ಯೂಬ್ ತಯಾರಿಸಿತು. ಮನೆಯ ಟ್ಯೂಬ್‌ಲೈಟಿನಂತೆಯೇ ಇದರೊಳಗೂ ಪಾದರಸದ ಆವಿಯಿದೆ. ಗಾಜಿನ ಒಳಮೈಗೆ ಬಳಿದ ಪುಡಿ ಮಾತ್ರ ಬೇರೆ. ಅದರಲ್ಲಿರುವ ಗ್ಯಾಡೊಲಿನಿಯಂ ಎಂಬ ಲೋಹ 311 ನ್ಯಾನೊಮೀಟರ್‌ನ ಆಸುಪಾಸಿನ ಕಿರಣವನ್ನಷ್ಟೇ ಹೆಚ್ಚಾಗಿ ಸೂಸುತ್ತದೆ. ಇಡೀ ಪಟ್ಟಿಯಲ್ಲಿ ಒಂದು ಕಿರಿದಾದ ಓಣಿಯನ್ನಷ್ಟೇ ಆರಿಸಿಕೊಂಡಿದ್ದರಿಂದ ಇದಕ್ಕೆ 'ನ್ಯಾರೋಬ್ಯಾಂಡ್' ಎಂಬ ಹೆಸರು. 1980ರ ದಶಕದಲ್ಲಿ ಸೋರಿಯಾಸಿಸ್‌ಗೆ ಬಂದದ್ದು, 1997ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವೆಸ್ಟರ್‌ಹೋಫ್ ಮತ್ತು ಸಹೋದ್ಯೋಗಿಯ ವರದಿಯ ಬಳಿಕ ತೊನ್ನಿಗೂ ಬಂತು. ಇಂದು ಬೊರಿವಲಿ, ಕಾಂದಿವಲಿ, ದಹಿಸರ್ ಎಲ್ಲಿ ಹೋದರೂ ಚಿಕಿತ್ಸಾಲಯದ ಪೆಟ್ಟಿಗೆಯಲ್ಲಿ ಹೊತ್ತುವುದು ಹೆಚ್ಚಾಗಿ ಈ ನ್ಯಾರೋಬ್ಯಾಂಡ್ ಟ್ಯೂಬೇ. ಸ್ಕಾಟ್ಲೆಂಡಿನಲ್ಲಿ ಈ ಚಿಕಿತ್ಸೆ ಪಡೆದ 3,867 ಮಂದಿಯ ದಾಖಲೆ ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ನ್ಯಾರೋಬ್ಯಾಂಡ್ ಚಿಕಿತ್ಸೆಗೂ ಚರ್ಮದ ಕ್ಯಾನ್ಸರಿಗೂ ಗಟ್ಟಿಯಾದ ನಂಟು ಸಿಗಲಿಲ್ಲ. ನಮ್ಮ ಕಂದು ಚರ್ಮಕ್ಕೆ ಹುಟ್ಟಿನಿಂದಲೇ ಮೆಲನಿನ್ ಎಂಬ ಕೊಡೆಯಿರುವುದರಿಂದ ಅಪಾಯ ಇನ್ನೂ ಕಡಿಮೆ.

ಕಿರಣ ಚರ್ಮದೊಳಗೆ ಮಾಡುವ ಕೆಲಸ ಎರಡು ಬಗೆಯದು. ಸೋರಿಯಾಸಿಸ್‌ನಲ್ಲಿ ದೇಹದ ಕಾವಲು ಪಡೆಯಾದ ಟಿ-ಲಿಂಫೊಸೈಟ್ ಕೋಶಗಳು ಕಾರಣವಿಲ್ಲದೆ ಚರ್ಮದ ಮೇಲೆ ಏರಿಹೋಗಿರುತ್ತವೆ. ತಿಂಗಳು ಹಿಡಿಯಬೇಕಾದ ಚರ್ಮದ ಹುಟ್ಟು-ಸಾವಿನ ಚಕ್ರ ಕೆಲವೇ ದಿನಗಳಲ್ಲಿ ಮುಗಿದು, ಅರ್ಧ ಬೆಂದ ಹಕ್ಕಳೆಗಳು ಮೇಲೆ ಪೇರುತ್ತವೆ. ಯುವಿ-ಬಿ ಆ ಲಿಂಫೊಸೈಟ್‌ಗಳ ಡಿಎನ್‌ಎಗೆ ಪೆಟ್ಟು ಕೊಟ್ಟು ಅವು ಸದ್ದಿಲ್ಲದೆ ಸಾಯುವಂತೆ ಮಾಡುತ್ತದೆ, ಚರ್ಮದ ಕೋಶಗಳ ಅವಸರವನ್ನೂ ತಗ್ಗಿಸುತ್ತದೆ. ತೊನ್ನಿನಲ್ಲಿ ಅದೇ ಕಾವಲು ಪಡೆ ಬಣ್ಣ ತಯಾರಿಸುವ ಮೆಲನೊಸೈಟ್‌ಗಳನ್ನು ಕೊಂದಿರುತ್ತದೆ. ಇಲ್ಲಿ ಪಡೆಯನ್ನು ತಣಿಸಿದರಷ್ಟೇ ಸಾಲದು, ಬಣ್ಣದ ಕೋಶಗಳನ್ನು ಮತ್ತೆ ತುಂಬಬೇಕು. ಅವುಗಳ ಬೀಜಭಂಡಾರ ಇರುವುದು ಕೂದಲಿನ ಬುಡದಲ್ಲಿ. ಕಿರಣದ ಪ್ರಚೋದನೆಗೆ ಅಲ್ಲಿಂದ ಎಳೆಯ ಕೋಶಗಳು ಎದ್ದು ಮೇಲೆ ಹತ್ತಿ, ಕೂದಲ ರಂಧ್ರದ ಸುತ್ತ ಹರಡುತ್ತವೆ. ಹಾಗಾಗಿ ಬಿಳಿ ಮಚ್ಚೆಯಲ್ಲಿ ಬಣ್ಣ ಮೊದಲು ಮರಳುವುದು ಎಳ್ಳು ಚೆಲ್ಲಿದಂತೆ, ಚುಕ್ಕೆ ಚುಕ್ಕೆಯಾಗಿ. ಆ ಮೊದಲ ಚುಕ್ಕೆಗಳನ್ನು ಕಂಡ ದಿನ ರೋಗಿಯ ಮುಖದಲ್ಲಿ ಮೂಡುವ ನಿರಾಳವನ್ನು ಈ ಚಿಕಿತ್ಸೆ ಕೊಡುವ ಪ್ರತಿ ವೈದ್ಯರೂ ಬಲ್ಲರು. ಕೂದಲೇ ಇಲ್ಲದ ತುಟಿ, ಬೆರಳ ತುದಿ, ಅಂಗೈ-ಅಂಗಾಲುಗಳಲ್ಲಿ ಬಣ್ಣ ಯಾಕೆ ಮರಳುವುದಿಲ್ಲ, ಮಚ್ಚೆಯ ಮೇಲಿನ ಕೂದಲೂ ನೆರೆತಿದ್ದರೆ ಯಾಕೆ ಕಷ್ಟ ಎಂಬುದಕ್ಕೂ ಇದೇ ಕಾರಣ.

ಫಲದ ಲೆಕ್ಕವನ್ನು ಮರೆಮಾಚದೆ ಹೇಳಬೇಕು. 35 ಅಧ್ಯಯನಗಳ 1,428 ತೊನ್ನು ರೋಗಿಗಳ ಫಲಿತಾಂಶವನ್ನು ಒಟ್ಟುಗೂಡಿಸಿ ಕೊರಿಯಾದ ವೈದ್ಯರು 2017ರಲ್ಲಿ ಪ್ರಕಟಿಸಿದರು. ನ್ಯಾರೋಬ್ಯಾಂಡ್‌ನಿಂದ ಮುಕ್ಕಾಲು ಪಾಲಿಗೂ ಹೆಚ್ಚು ಬಣ್ಣ ಮರಳಿದವರು ಆರು ತಿಂಗಳಲ್ಲಿ ಶೇ. 19, ಹನ್ನೆರಡು ತಿಂಗಳಲ್ಲಿ ಶೇ. 36. ಕಾಲು ಭಾಗಕ್ಕಿಂತ ಹೆಚ್ಚು ಮರಳಿದವರನ್ನು ಲೆಕ್ಕ ಹಿಡಿದರೆ ಆರು ತಿಂಗಳಿಗೇ ಶೇ. 74. ಮುಖ-ಕತ್ತು ಚೆನ್ನಾಗಿ ಒಲಿಯುತ್ತವೆ, ಮೈ ಅದಕ್ಕಿಂತ ಕಡಿಮೆ, ಕೈಕಾಲು ಇನ್ನೂ ಕಡಿಮೆ, ಬೆರಳು-ಪಾದಗಳಲ್ಲಿ ದೊಡ್ಡ ಫಲ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮೂರು ತಿಂಗಳಿಗೆ ಏನೂ ಕಾಣಲಿಲ್ಲ ಎಂದು ಬಿಟ್ಟುಬಿಡುವವರು ಬಹಳ. ಕೈಬಿಡುವ ನಿರ್ಧಾರಕ್ಕೆ ಕನಿಷ್ಠ ಆರು ತಿಂಗಳಾದರೂ ಕಾಯಬೇಕು. ಸೋರಿಯಾಸಿಸ್ ಅಷ್ಟು ಕಾಯಿಸುವುದಿಲ್ಲ. 20ರಿಂದ 30 ಸಿಟಿಂಗ್‌ಗಳಲ್ಲಿ ಹಲವರ ಮೈ ತಿಳಿಯಾಗುತ್ತದೆ, ಆದರೆ ಕಾಲಾಂತರದಲ್ಲಿ ಮರುಕಳಿಸಬಹುದು.

ತೊನ್ನಿನ ವಿಷಯದಲ್ಲಿ ಕಾಯಿಲೆಗಿಂತ ಭಾರವಾದುದು ಅದರ ಹೆಸರು. ಮರಾಠಿಯಲ್ಲಿ ಕೋಡ್, ಹಿಂದಿಯಲ್ಲಿ ಸಫೇದ್ ದಾಗ್ ಎನ್ನುವ ಇದನ್ನು ಹಿಂದಿನವರು ಬಿಳಿ ಕುಷ್ಠ ಎಂದೂ ಕರೆದು, ಸಂಬಂಧವೇ ಇಲ್ಲದ ಇನ್ನೊಂದು ರೋಗದ ಕಳಂಕವನ್ನು ಇದಕ್ಕೆ ಹಚ್ಚಿದರು. ಕುಷ್ಠ ರೋಗಾಣುವಿನಿಂದ ಬರುವುದು, ಅದರ ಮಚ್ಚೆಗೆ ಸ್ಪರ್ಶಜ್ಞಾನ ಇರುವುದಿಲ್ಲ, ಬಣ್ಣವೂ ಹಾಲಿನಷ್ಟು ಬೆಳ್ಳಗಲ್ಲ. ಅದಕ್ಕೂ ಇಂದು ಪೂರ್ಣ ವಾಸಿಯಾಗುವ ಔಷಧವಿದೆ. ತೊನ್ನು ಒಬ್ಬರಿಂದ ಒಬ್ಬರಿಗೆ ಹರಡುವುದೇ ಇಲ್ಲ. ಸಂದೇಹವಿದ್ದರೆ ವೈದ್ಯರು ಕತ್ತಲ ಕೋಣೆಯಲ್ಲಿ ವುಡ್ಸ್ ದೀಪ ಹಿಡಿದು ನೋಡುತ್ತಾರೆ. ಅದೂ ಸುಮಾರು 365 ನ್ಯಾನೊಮೀಟರ್‌ನ ಅತಿನೇರಳೆಯೇ. ಅದರಡಿ ತೊನ್ನಿನ ಜಾಗ ನೀಲಿ-ಬಿಳಿಯಾಗಿ ಹೊಳೆಯುತ್ತದೆ. ಹೆಣ್ಣು ನೋಡಲು ಬರುವವರಿಗೆ ಮೊಣಕೈ ಮೇಲಿನ ಒಂದು ಚುಕ್ಕೆಯನ್ನು ಮುಚ್ಚಿಡಬೇಕಾದ ಸ್ಥಿತಿ ಊರಲ್ಲೂ ಇದೆ, ಮುಂಬಯಿಯಲ್ಲೂ ಇದೆ. ಅದು ಕಿರಣದಿಂದ ವಾಸಿಯಾಗುವ ರೋಗವಲ್ಲ.

ಎಲ್ಲ ಬಿಳಿ ಮಚ್ಚೆಯೂ ಒಂದೇ ಬಗೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಹಣೆಗೆ ಅಂಟಿಸುವ ಬಿಂದಿಯ ಗೋಂದಿನಲ್ಲಿರುವ ಒಂದು ಫೀನಾಲ್ ರಾಸಾಯನಿಕ, ರಬ್ಬರ್ ಚಪ್ಪಲಿಯ ಪಟ್ಟಿಯಲ್ಲಿರುವ ರಾಸಾಯನಿಕಗಳು ಅಂಟಿದ ಜಾಗದಲ್ಲೇ ಬಣ್ಣ ಕಳೆಯುತ್ತವೆ. ಲಂಗ, ಚೂಡಿದಾರಗಳ ಲಾಡಿ ಸೊಂಟಕ್ಕೆ ಬಿಗಿದು ಉಜ್ಜಿದ ಗೆರೆಯ ಮೇಲೆಯೂ ತೊನ್ನು ಏಳುವುದುಂಟು. ಕಾರಣವನ್ನು ತೆಗೆಯದೆ ಎಷ್ಟು ಲೈಟ್ ಕೊಟ್ಟರೂ ಫಲವಿಲ್ಲ.

ಈಗ ಅಳತೆಗೆ ಬರಬಹುದು. ಕಿರಣದ ಪ್ರಮಾಣವನ್ನು ಚರ್ಮದ ಒಂದು ಚದರ ಸೆಂಟಿಮೀಟರ್ ಜಾಗಕ್ಕೆ ಬಿದ್ದ ಶಕ್ತಿಯಾಗಿ, ಮಿಲಿಜೂಲ್ ಲೆಕ್ಕದಲ್ಲಿ ಅಳೆಯುತ್ತಾರೆ. ನ್ಯಾರೋಬ್ಯಾಂಡ್ ಸಾಮಾನ್ಯವಾಗಿ 200ರಿಂದ 300 ಮಿಲಿಜೂಲ್‌ನಿಂದ ಶುರುವಾಗಿ, ಪ್ರತಿ ಸಿಟಿಂಗ್‌ಗೆ ಶೇ. 10-20ರಷ್ಟು ಏರುತ್ತದೆ. ಮಚ್ಚೆ ತಿಳಿಗೆಂಪಾಗಿ, ಮರುದಿನದೊಳಗೆ ಇಳಿದರೆ ಅದು ಸರಿಯಾದ ಮಟ್ಟ. ನೋವಾದರೆ, ಗುಳ್ಳೆಯೆದ್ದರೆ ಜಾಸ್ತಿಯಾಯಿತೆಂದು ಅರ್ಥ. ಪೆಟ್ಟಿಗೆಯೊಳಗೆ ನಿಲ್ಲಬೇಕಾದ ಸಮಯ ಟ್ಯೂಬಿನ ಬಲದ ಮೇಲೆ ನಿಂತಿದೆ. ಹೊಸ ಟ್ಯೂಬುಗಳು ಸೆಕೆಂಡಿಗೆ 3 ಮಿಲಿಜೂಲ್ ಕೊಡುವಂತಿದ್ದರೆ 300 ಮಿಲಿಜೂಲ್‌ಗೆ 100 ಸೆಕೆಂಡು ಸಾಕು. ಟ್ಯೂಬ್ ಹಳತಾಗಿ 2ಕ್ಕೆ ಇಳಿದರೆ ಅದೇ ಔಷಧಕ್ಕೆ 150 ಸೆಕೆಂಡು ಬೇಕು. ಮೇಲ್ನೋಟಕ್ಕೆ ಹಳೆಯ ಟ್ಯೂಬೂ ಹೊಸದರಂತೆಯೇ ಉರಿಯುತ್ತದೆ. ಆದ್ದರಿಂದ ಮೀಟರ್ ಹಿಡಿದು ಆಗಾಗ ಬಲವನ್ನು ಅಳೆಯದ ಕಡೆ, ರೋಗಿ ತಿಂಗಳುಗಟ್ಟಲೆ ನಿಂತರೂ ಅರ್ಧ ಔಷಧವಷ್ಟೇ ಮೈಸೇರುತ್ತಿರಬಹುದು. 'ಟ್ಯೂಬ್ ಯಾವಾಗ ಬದಲಿಸಿದಿರಿ, ಕೊನೆಯ ಸಲ ಅಳೆದದ್ದು ಯಾವಾಗ' ಎಂದು ಕೇಳುವುದು ಅಧಿಕಪ್ರಸಂಗವಲ್ಲ. ಔಷಧದ ಬಾಟಲಿಯ ತಾರೀಖು ನೋಡಿದಂತೆಯೇ ಅದು.

ಇನ್ನು ನಿಯಮ. ವಾರಕ್ಕೆ ಎರಡು ಅಥವಾ ಮೂರು ಸಲ, ನಡುವೆ ಒಂದು ದಿನವಾದರೂ ಬಿಡುವು ಕೊಟ್ಟು. ತೊನ್ನಿನ ತಜ್ಞರ ಅಂತರರಾಷ್ಟ್ರೀಯ ಗುಂಪೊಂದು 2017ರಲ್ಲಿ ಹೇಳಿದ ಲೆಕ್ಕದಂತೆ, ನಾಲ್ಕರಿಂದ ಏಳು ದಿನ ತಪ್ಪಿದರೆ ಪ್ರಮಾಣ ಏರಿಸುವಂತಿಲ್ಲ. ಎಂಟರಿಂದ ಹದಿನಾಲ್ಕು ದಿನವಾದರೆ ಕಾಲು ಭಾಗ ಇಳಿಸಬೇಕು. ಹದಿನೈದರಿಂದ ಇಪ್ಪತ್ತೊಂದಾದರೆ ಅರ್ಧಕ್ಕೆ ಇಳಿಸಬೇಕು. ಮೂರು ವಾರ ಮೀರಿದರೆ ಮೊದಲಿನಿಂದ. ಮೇ ತಿಂಗಳ ರಜೆಯಲ್ಲಿ ಉಡುಪಿಗೋ ಉತ್ತರ ಕನ್ನಡಕ್ಕೋ ಹೋಗಿ, ಮದುವೆ-ಪೂಜೆ ಮುಗಿಸಿ ತಿಂಗಳ ಬಳಿಕ ಬರುವ ಬೊರಿವಲಿಯ ಕನ್ನಡ ಕುಟುಂಬಗಳಿಗೆ ಈ ಕೊನೆಯ ಸಾಲು ಮುಖ್ಯ. ಚರ್ಮ ಅಷ್ಟರಲ್ಲಿ ಕಿರಣದ ಅಭ್ಯಾಸವನ್ನೇ ಮರೆತಿರುತ್ತದೆ. ಹಿಂದಿನ ಪ್ರಮಾಣದಿಂದಲೇ ಮುಂದುವರಿಸಿದರೆ ಸುಟ್ಟೀತು.

ನಿಜ ಹೇಳಬೇಕೆಂದರೆ, ಈ ಊರಿನಲ್ಲಿ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಚರ್ಮದ ಮೇಲಲ್ಲ, ಹಳಿಯ ಮೇಲೆ. ಪರೇಲ್‌ನ ಕೆ.ಇ.ಎಂ., ಸಯನ್‌ನ ಲೋಕಮಾನ್ಯ ತಿಲಕ್, ಮುಂಬಯಿ ಸೆಂಟ್ರಲ್ ಬಳಿಯ ನಾಯರ್ ಆಸ್ಪತ್ರೆಗಳಲ್ಲಿ ದೊಡ್ಡ ಚರ್ಮರೋಗ ವಿಭಾಗಗಳಿವೆ, ಖರ್ಚೂ ಕಡಿಮೆ. ಆದರೆ ಅವೆಲ್ಲ ಬೊರಿವಲಿಯಿಂದ ದೂರ. ಎರಡು ನಿಮಿಷದ ಬೆಳಕಿಗಾಗಿ ವಾರಕ್ಕೆ ಮೂರು ಸಲ, ಅದೂ ಬೆಳಗಿನ ಹೊರರೋಗಿ ವಿಭಾಗದ ಹೊತ್ತಿಗೆ, ಕಿಕ್ಕಿರಿದ ಲೋಕಲ್‌ನಲ್ಲಿ ಹೋಗಿ ಸಾಲಿನಲ್ಲಿ ನಿಂತು ಬರುವುದೆಂದರೆ ಕೆಲಸದ ದಿನವೇ ಹೋಯಿತು. ಒಂದು ವರ್ಷ ಹಾಗೆ ಓಡಾಡುವ ದುಡಿಮೆಗಾರರು ಎಷ್ಟು ಮಂದಿ ಸಿಕ್ಕಾರು? ಆದುದರಿಂದ ಸಂಜೆ ಏಳರ ಬಳಿಕವೂ ತೆರೆದಿರುವ, ಸ್ಟೇಶನ್ನಿನಿಂದ ನಡೆದು ಹೋಗುವಷ್ಟು ದೂರದ ಚಿಕಿತ್ಸಾಲಯವೇ ಈ ರೋಗಿಗೆ ಒಳ್ಳೆಯದು. ಅದರ ಯಂತ್ರ ಚಿಕ್ಕದಿದ್ದರೂ ಸರಿ, ಅಳತೆ ಸರಿಯಿದ್ದರೆ ಸಾಕು.

ಮನೆಯಲ್ಲೇ ಇಟ್ಟುಕೊಳ್ಳುವ ಯಂತ್ರ ಇನ್ನೊಂದು ದಾರಿ. ನೆದರ್‌ಲ್ಯಾಂಡ್ಸ್‌ನಲ್ಲಿ 196 ಸೋರಿಯಾಸಿಸ್ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ, ಮನೆಯ ಚಿಕಿತ್ಸೆ ಆಸ್ಪತ್ರೆಯದಕ್ಕೆ ಸಮ ಎಂದಿತು. ಅಮೆರಿಕದ 783 ಮಂದಿಯ ಪ್ರಯೋಗ 2024ರಲ್ಲಿ ಅದನ್ನೇ ಗಟ್ಟಿಮಾಡಿತು. ಕೈಯಲ್ಲಿ ಹಿಡಿಯುವ ಪುಟ್ಟ ದೀಪವನ್ನು ತೊನ್ನಿಗೆ ಬಳಸುವ ಬಗ್ಗೆ ಬ್ರಿಟನ್ನಿನಲ್ಲಿ 517 ಮಂದಿಯ ಪ್ರಯೋಗ ನಡೆದಿದೆ. ಮುಲಾಮಿನ ಜೊತೆ ಬಳಸಿದಾಗ ಫಲ ಹೆಚ್ಚು. ಭಾರತದಲ್ಲೂ ಇಂಥ ಯಂತ್ರಗಳು ಸಿಗುತ್ತವೆ. ಷರತ್ತು ಒಂದೇ: ಕೊಂಡ ಮೇಲೂ ಪ್ರಮಾಣ ನಿಗದಿಮಾಡುವವರು ವೈದ್ಯರೇ ಆಗಿರಬೇಕು, ಪ್ರತಿ ಸಲದ ಸೆಕೆಂಡುಗಳನ್ನು ಡೈರಿಯಲ್ಲಿ ಬರೆದಿಡಬೇಕು, ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಕೈ-ಕಾಲುಗಳಿಗಷ್ಟೇ ಬೇರೆ ಯಂತ್ರವಿದೆ. ಮೇಜಿನಂಥ ಪೆಟ್ಟಿಗೆಯ ಮೇಲೆ ಅಂಗೈ, ಅಂಗಾಲು ಊರಿ ಕೂರುವುದು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ಕರಾವಳಿಯ ಹುಡುಗರಿಗೆ ಇದರ ಪರಿಚಯ ಇರಬೇಕಾದುದು ಅಗತ್ಯ. ದಿನವಿಡೀ ನೀರು, ಸೋಪು, ಈರುಳ್ಳಿ-ಬೆಳ್ಳುಳ್ಳಿ ರಸಗಳಲ್ಲಿ ಕೈಯಾಡಿಸುವವರ ಅಂಗೈ ಒಡೆದು ಇಸಬಾಗುವುದು ಈ ಕಸುಬಿಗೆ ಅಂಟಿದ ರೋಗ. ಮುಲಾಮಿಗೆ ಬಗ್ಗದಿದ್ದಾಗ ನ್ಯಾರೋಬ್ಯಾಂಡ್, ಇಲ್ಲವೇ ಸೋರಲೆನ್ ದ್ರಾವಣ ಸವರಿ ಯುವಿ-ಎ ಕೊಡುವುದು ನೆರವಾಗುತ್ತದೆ. ಕೈಗವಸಿಲ್ಲದೆ ಮತ್ತೆ ಅದೇ ಸಿಂಕಿಗೆ ಮರಳಿದರೆ ಗುಣ ನಿಲ್ಲದು. ಒಂದೆರಡು ಮಚ್ಚೆಯಷ್ಟೇ ಇದ್ದವರಿಗೆ 308 ನ್ಯಾನೊಮೀಟರ್‌ನ ಎಕ್ಸೈಮರ್ ಲೇಸರ್ ಅಥವಾ ದೀಪ ಇದೆ. ಸುತ್ತಲಿನ ಒಳ್ಳೆಯ ಚರ್ಮಕ್ಕೆ ತಾಗಿಸದೆ ಮಚ್ಚೆಗಷ್ಟೇ ಕಿರಣ ಹಾಯಿಸಬಹುದು. ಲೈಕೆನ್ ಪ್ಲಾನಸ್, ಮೂತ್ರಪಿಂಡ ಸೋತವರ ತಾಳಲಾಗದ ತುರಿಕೆ, ಮೈಕೋಸಿಸ್ ಫಂಗಾಯ್ಡಿಸ್ ಎಂಬ ಚರ್ಮದ ಲಿಂಫೋಮಾದ ಮೊದಲ ಹಂತ ಇವಕ್ಕೂ ಬೆಳಕಿನ ಚಿಕಿತ್ಸೆ ಸಲ್ಲುತ್ತದೆ.

ಸಲ್ಲದವರೂ ಇದ್ದಾರೆ. ಲೂಪಸ್ ರೋಗವಿರುವವರಿಗೆ ಕಿರಣ ವಿಷವೇ ಸರಿ. ಹುಟ್ಟಿನಿಂದಲೇ ಡಿಎನ್‌ಎ ದುರಸ್ತಿಯ ಶಕ್ತಿಯಿಲ್ಲದ ಜೀರೋಡರ್ಮಾ ಪಿಗ್ಮೆಂಟೋಸಮ್‌ನವರಿಗೆ ಬಿಸಿಲೇ ಆಗದು. ಹಿಂದೆ ಚರ್ಮದ ಕ್ಯಾನ್ಸರ್ ಆದವರ ವಿಷಯದಲ್ಲಿ ವೈದ್ಯರು ತೂಗಿ ನೋಡುತ್ತಾರೆ. ರಕ್ತದೊತ್ತಡದ ಥಯಾಜೈಡ್ ಮಾತ್ರೆ, ಡಾಕ್ಸಿಸೈಕ್ಲಿನ್, ಸಿಪ್ರೊಫ್ಲೋಕ್ಸಾಸಿನ್‌ನಂಥವು ಚರ್ಮವನ್ನು ಬೆಳಕಿಗೆ ಹೆಚ್ಚು ಸೂಕ್ಷ್ಮವಾಗಿಸುತ್ತವೆ. ಪೆಟ್ಟಿಗೆಯೊಳಗೆ ಹೋಗುವ ಮೊದಲು, ತಾವು ನುಂಗುತ್ತಿರುವ ಮಾತ್ರೆಗಳ ಪಟ್ಟಿ ತೋರಿಸಬೇಕು. ಬಸುರಿಯರಿಗೆ ನ್ಯಾರೋಬ್ಯಾಂಡ್ ಕೊಡಬಹುದು, ಆದರೆ ಅತಿನೇರಳೆ ರಕ್ತದ ಫೋಲೇಟ್ ಕುಗ್ಗಿಸಬಲ್ಲುದರಿಂದ ಫೋಲಿಕ್ ಆಮ್ಲ ತಪ್ಪಿಸಬಾರದು. ಒಳಗೆ ನಿಂತಾಗ ಕನ್ನಡಕ ಕಡ್ಡಾಯ, ಗಂಡಸರ ಜನನಾಂಗಕ್ಕೆ ಮರೆ ಕಡ್ಡಾಯ. ಸೋರಿಯಾಸಿಸ್‌ನ ಹಕ್ಕಳೆಗೆ ತೆಳುವಾಗಿ ಎಣ್ಣೆ ಸವರಿದರೆ ಕಿರಣ ಸುಲಭವಾಗಿ ಇಳಿಯುತ್ತದೆ. ದಪ್ಪ ಮುಲಾಮು ಬಳಿದರೆ ಅದೇ ಗೋಡೆಯಾಗುತ್ತದೆ. ಸಿಟಿಂಗ್ ಮುಗಿದ ದಿನ ಮತ್ತೆ ಬಿಸಿಲು ಕಾಯಿಸುವಂತಿಲ್ಲ. ಚರ್ಮ ಒಣಗುವುದು, ಒಂದಿಷ್ಟು ತುರಿಕೆ, ಒಳ್ಳೆಯ ಚರ್ಮ ಕಪ್ಪಾಗಿ ಬಿಳಿ ಮಚ್ಚೆ ಇನ್ನಷ್ಟು ಎದ್ದು ಕಾಣುವುದು ಸಾಮಾನ್ಯ. ಈ ಕೊನೆಯದನ್ನು ಮೊದಲೇ ಹೇಳದಿದ್ದರೆ, ರೋಗ ಹೆಚ್ಚಾಯಿತೆಂದು ಹೆದರಿ ಬಿಡುವವರಿದ್ದಾರೆ.

ಸೋರಿಯಾಸಿಸ್‌ಗೆ ಬಯೊಲಾಜಿಕ್ ಚುಚ್ಚುಮದ್ದುಗಳು, ತೊನ್ನಿಗೆ 2022ರಲ್ಲಿ ಅಮೆರಿಕದಲ್ಲಿ ಮಂಜೂರಾದ ರಕ್ಸೊಲಿಟಿನಿಬ್ ಮುಲಾಮು ಬಂದ ಮೇಲೂ ಬೆಳಕಿನ ಪೆಟ್ಟಿಗೆ ಮೂಲೆಗೆ ಸರಿದಿಲ್ಲ. ಹೊಸ ಔಷಧಗಳ ಜೊತೆಗೆ ಕೊಟ್ಟರೆ ತೊನ್ನಿನಲ್ಲಿ ಬಣ್ಣ ಇನ್ನೂ ಚೆನ್ನಾಗಿ ಮರಳುತ್ತದೆ. ಒಲಿಯದ ಜಾಗಗಳಿಗೆ ಒಳ್ಳೆಯ ಚರ್ಮದಿಂದ ಸಾಸಿವೆಯಷ್ಟು ಚೂರುಗಳನ್ನು ತೆಗೆದು ಮಚ್ಚೆಯಲ್ಲಿ ನೆಟ್ಟು, ಆಮೇಲೆ ಲೈಟ್ ಕೊಟ್ಟು ಬಣ್ಣ ಹರಡಿಸುವ ಶಸ್ತ್ರಕ್ರಮವೂ ಇದೆ.

ಬಣ್ಣ ಮರಳಿದ ಮೇಲೆ ಚಿಕಿತ್ಸೆಯನ್ನು ಒಮ್ಮೆಲೆ ನಿಲ್ಲಿಸುವುದಿಲ್ಲ. ವಾರಕ್ಕೆ ಎರಡು, ಆಮೇಲೆ ಒಂದು, ಆಮೇಲೆ ಹದಿನೈದು ದಿನಕ್ಕೊಂದು ಎಂದು ಸುಮಾರು ನಾಲ್ಕು ತಿಂಗಳಲ್ಲಿ ಇಳಿಸಿ ಬಿಡುತ್ತಾರೆ. ಬಳಿಕ ವಾರಕ್ಕೆರಡು ರಾತ್ರಿ ಟ್ಯಾಕ್ರೊಲಿಮಸ್ ಮುಲಾಮು ಹಚ್ಚುತ್ತ ಹೋದ ಮಚ್ಚೆಗಳಲ್ಲಿ ಆರು ತಿಂಗಳೊಳಗೆ ಬಣ್ಣ ಮತ್ತೆ ಕಳೆದದ್ದು ಶೇ. 10ಕ್ಕಿಂತ ಕಡಿಮೆ, ಔಷಧವಿಲ್ಲದ ಮುಲಾಮು ಹಚ್ಚಿದ ಮಚ್ಚೆಗಳಲ್ಲಿ ಶೇ. 40 ಎಂದು 2015ರ ಫ್ರಾನ್ಸಿನ ಅಧ್ಯಯನವೊಂದು ತೋರಿಸಿದೆ. ಕನ್ನಡಿ ದಿನವೂ ನೋಡುವವರಿಗೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಆದ್ದರಿಂದ ಮೊದಲ ದಿನವೇ ಮಚ್ಚೆಗಳ ಫೋಟೊ ತೆಗೆದು, ಮೂರು ಮೂರು ತಿಂಗಳಿಗೊಮ್ಮೆ ಅದೇ ಜಾಗದಲ್ಲಿ, ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಇನ್ನೂ ಮುಂದುವರಿಸಬೇಕೋ, ಇಳಿಸಬೇಕೋ, ಬೇರೆ ದಾರಿ ಹಿಡಿಯಬೇಕೋ ಎಂಬುದು ಆ ಎರಡು ಫೋಟೊಗಳ ಮುಂದೆ ವೈದ್ಯರೂ ರೋಗಿಯೂ ಕೂತು ತೀರ್ಮಾನಿಸುವ ವಿಷಯ.